ಡಿಫರೆನ್ಷಿಯಲ್‌ಗೆ ದಪ್ಪ ಕವರ್ ಹಾಕಿಸಿದರೆ ಆಯಿಲ್ ತಣ್ಣಗಿರುತ್ತದೆಯೇ, ಗೇರ್ ಉಳಿಯುತ್ತದೆಯೇ?

ಜೀಪು, ಥಾರ್, ಜಿಮ್ನಿ ಇಟ್ಟುಕೊಂಡವರ ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುವ ಒಂದು ಬಗೆಯ ಫಾರ್ವರ್ಡ್ ಇದೆ. ಒಂದು ಕಡೆ ಪಳಪಳ ಹೊಳೆಯುವ, ಮೈತುಂಬ ರೆಕ್ಕೆಯಂಥ ಪಟ್ಟಿಗಳಿರುವ ಅಲ್ಯೂಮಿನಿಯಂ ಡಿಫರೆನ್ಷಿಯಲ್ ಕವರ್. ಇನ್ನೊಂದು ಕಡೆ ಕಂಪನಿಯಿಂದಲೇ ಬಂದ ಕಪ್ಪು ತಗಡಿನ ಕವರ್. ಎರಡಕ್ಕೂ ಥರ್ಮಾಮೀಟರ್ ಗನ್ ಹಿಡಿದಿರುತ್ತಾರೆ, ಹೊಳೆಯುವ ಕವರ್‌ನದು ಕಡಿಮೆ ಉಷ್ಣತೆ ತೋರಿಸುತ್ತಿರುತ್ತದೆ. ಜೊತೆಗೆ ನಾಲ್ಕು ಭರವಸೆಗಳು: ಆಯಿಲ್ ತಣ್ಣಗಿರುತ್ತದೆ, ಹೆಚ್ಚು ಆಯಿಲ್ ಹಿಡಿಯುತ್ತದೆ, ಆಕ್ಸಲ್ ಗಟ್ಟಿಯಾಗುತ್ತದೆ, ಕಲ್ಲು ಬಡಿದರೂ ಚಿಂತೆಯಿಲ್ಲ.

ಇವುಗಳಲ್ಲಿ ಕೊನೆಯದು ಬಹುಪಾಲು ನಿಜ. ಉಳಿದ ಮೂರಕ್ಕಾಗಿ ಸಾವಿರಾರು ರೂಪಾಯಿ ಕೊಡುವ ಮುಂಚೆ ಸ್ವಲ್ಪ ತಡೆಯಿರಿ.

ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಿ

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕಾಗುತ್ತದೆ. ಎರಡೂ ಚಕ್ರಕ್ಕೆ ಎಂಜಿನ್‌ನ ಶಕ್ತಿ ಕೊಡುತ್ತಲೇ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. ಆಕ್ಸಲ್ ನಡುವೆ ಉಬ್ಬಿಕೊಂಡಿರುವ ದುಂಡನೆಯ ಭಾಗದಲ್ಲಿ ಅದು ಕೂತಿರುತ್ತದೆ. ಅಮೆರಿಕದವರು ಈ ಉಬ್ಬನ್ನು ಆಡುಮಾತಿನಲ್ಲಿ ಕುಂಬಳಕಾಯಿ ಎನ್ನುತ್ತಾರೆ, ನೋಡಿದರೆ ಹಾಗೇ ಇದೆ. ಒಳಗೆ ದೊಡ್ಡ ಕ್ರೌನ್ ವೀಲ್, ಅದನ್ನು ತಿರುಗಿಸುವ ಪುಟ್ಟ ಪಿನಿಯನ್, ಕ್ರೌನ್ ವೀಲ್‌ನ ಕೆಳಭಾಗ ಮುಳುಗುವಷ್ಟು ಗೇರ್ ಆಯಿಲ್.

ಈ ಉಬ್ಬಿಗೆ ಕಳಚುವ ಕವರ್ ಎಲ್ಲ ಗಾಡಿಗಳಲ್ಲೂ ಇರುವುದಿಲ್ಲ! ಫಾರ್ವರ್ಡ್‌ಗಳು ಹೇಳದೆ ಬಿಡುವುದು ಇದನ್ನೇ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ, ಜೀಪ್ ರ‍್ಯಾಂಗ್ಲರ್‌ನಲ್ಲಿ ಬೋಲ್ಟ್ ಬಿಚ್ಚಿ ತೆಗೆಯುವ ಕವರ್ ಇದೆ. ಜಿಪ್ಸಿ ಮತ್ತು ಜಿಮ್ನಿಯ ಆಕ್ಸಲ್‌ಗಳಲ್ಲಿ, ಫಾರ್ಚೂನರ್‌ನ ಹಿಂದಿನ ಆಕ್ಸಲ್‌ನಲ್ಲಿ ಒಂದು ಬದಿಯ ಗುಮ್ಮಟ ವೆಲ್ಡ್ ಆಗಿಯೇ ಬಂದಿರುತ್ತದೆ, ಗೇರುಗಳನ್ನು ಎದುರು ಬದಿಯಿಂದ ಇಡಿಯಾಗಿ ಹೊರತೆಗೆಯಬೇಕು. ಅಂಥ ಗಾಡಿಗೆ ಯಾರಾದರೂ ಡಿಫರೆನ್ಷಿಯಲ್ ಕವರ್ ಮಾರುತ್ತಿದ್ದರೆ ಅದು ಹೊರಗಿನಿಂದ ಕಟ್ಟುವ ಅಥವಾ ವೆಲ್ಡ್ ಮಾಡುವ ಕಾಪು ತಗಡು ಅಷ್ಟೇ. ಹೊಸ ಥಾರ್‌ನ ಮುಂಭಾಗದಲ್ಲಿ ಉದ್ದ ಆಕ್ಸಲ್ಲೇ ಇಲ್ಲ, ಚಕ್ರಗಳ ಸಸ್ಪೆನ್ಷನ್ ಬಿಡಿಬಿಡಿ. ಅಲ್ಲಿ ಕಲ್ಲಿನಿಂದ ಕಾಯುವುದು ಅಡಿಗೆ ಹಾಕುವ ಸ್ಕಿಡ್ ಪ್ಲೇಟ್.

ಥರ್ಮಾಮೀಟರ್ ಗನ್‌ನ ಮಾಯೆ

ಈಗ ಆ ಫೋಟೊಗೆ ಬರೋಣ. ಗನ್ ಅಳೆಯುವುದು ಮೇಲ್ಮೈಯಿಂದ ಹೊರಡುವ ಅವಗೆಂಪು ಕಿರಣವನ್ನು, ಆಯಿಲ್‌ನ ಬಿಸಿಯನ್ನಲ್ಲ. ಕಪ್ಪು ಬಣ್ಣ ಬಳಿದ ಲೋಹ ಈ ಕಿರಣವನ್ನು ಧಾರಾಳವಾಗಿ ಹೊರಸೂಸುತ್ತದೆ. ಪಾಲಿಷ್ ಮಾಡಿದ ಅಲ್ಯೂಮಿನಿಯಂ ಬಹಳ ಜಿಪುಣ, ಅಷ್ಟೇ ಬಿಸಿಯಿದ್ದರೂ ಅದರ ಹತ್ತರಲ್ಲೊಂದು ಭಾಗದಷ್ಟನ್ನೂ ಸೂಸದೆ ಇರಬಹುದು. ಹಾಗಾಗಿ ಎರಡು ಕವರ್‌ಗಳ ನಿಜವಾದ ಉಷ್ಣತೆ ಒಂದೇ ಇದ್ದರೂ ಗನ್ ಹೊಳೆಯುವುದಕ್ಕೆ ಕಡಿಮೆ ಅಂಕಿ ತೋರಿಸುತ್ತದೆ. ಪರೀಕ್ಷಿಸಬೇಕೇ? ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕುದಿಸಿ, ಹೊರಗೋಡೆಯ ಒಂದು ಕಡೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ. ಟೇಪಿನ ಮೇಲೊಮ್ಮೆ, ಬರಿ ಲೋಹದ ಮೇಲೊಮ್ಮೆ ಗನ್ ಹಿಡಿದು ನೋಡಿ. ಒಂದೇ ಪಾತ್ರೆಗೆ ಎರಡು ಉಷ್ಣತೆ!

ಅಂಕಿ ಸರಿಯಾಗಿದ್ದರೂ ಅದರ ಅರ್ಥ ಬೇರೆಯೇ ಆಗಬಹುದು. ಕವರ್‌ನ ಹೊರಮೈ ತಣ್ಣಗಿದೆ ಎಂದರೆ ಒಳಗಿನ ಬಿಸಿ ಹೊರಗೆ ಬಂದಿಲ್ಲ ಅಂತಲೂ ಇರಬಹುದಲ್ಲವೇ? ಆಯಿಲ್‌ನ ಬಿಸಿ ತಿಳಿಯಬೇಕಾದರೆ ಆಯಿಲ್‌ನೊಳಗೇ ಸೆನ್ಸರ್ ಇರಬೇಕು.

ಅಲ್ಯೂಮಿನಿಯಂ ಉಕ್ಕಿಗಿಂತ ಹಲವು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ ಎಂಬುದು ನಿಜ. ಆದರೆ ಇಲ್ಲಿ ಅದರಿಂದ ಸಿಗುವ ಲಾಭ ತೀರಾ ಕಡಿಮೆ. ಶಾಖಕ್ಕೆ ಲೋಹವನ್ನು ದಾಟುವುದು ಸುಲಭ, ಲೋಹದಿಂದ ಗಾಳಿಗೆ ಇಳಿಯುವುದೇ ಕಷ್ಟ. 6 ಮಿಲಿಮೀಟರ್ ದಪ್ಪದ ಉಕ್ಕನ್ನೇ ತೆಗೆದುಕೊಂಡು ಸರಿಸುಮಾರು ಲೆಕ್ಕ ಹಾಕಿದರೂ, ಲೋಹದಿಂದ ಗಾಳಿಗೆ ಇಳಿಯುವಾಗಿನ ತಡೆಯ ಮುಂದೆ ಲೋಹದ ತಡೆ ಶೇಕಡ 1ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ಶೇಕಡ 1ರಲ್ಲಿ ಉಳಿತಾಯ ಮಾಡಿ ಏನು ಬಂತು? ಕಾಫಿಯನ್ನು ಸ್ಟೀಲ್ ಲೋಟದಲ್ಲಿಟ್ಟರೂ ಅಲ್ಯೂಮಿನಿಯಂ ಲೋಟದಲ್ಲಿಟ್ಟರೂ ಆರಲು ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿಯುತ್ತದೆ. ಬೇಗ ಆರಬೇಕಿದ್ದರೆ ನಾವು ಲೋಟ ಬದಲಿಸುವುದಿಲ್ಲ, ತಟ್ಟೆಗೆ ಸುರಿಯುತ್ತೇವೆ. ಅಂದರೆ ಗಾಳಿಗೆ ತಾಗುವ ಜಾಗ ಹೆಚ್ಚಿಸುತ್ತೇವೆ. ಕವರ್‌ನ ರೆಕ್ಕೆಗಳು ಮಾಡುವುದೂ ಅದನ್ನೇ, ಹೈವೇಯಲ್ಲಿ ಭಾರ ಎಳೆಯುವ ಗಾಡಿಗೆ ಅದರಿಂದ ಸ್ವಲ್ಪ ಉಪಕಾರವಿದೆ. ಆದರೆ ಮಳೆಗಾಲದ ಎಸ್ಟೇಟ್ ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ಇಳಿದು ನೋಡಿ. ರೆಕ್ಕೆಗಳ ಸಂದಿಯೆಲ್ಲ ಕೆಮ್ಮಣ್ಣು. ಒಣಗಿದ ಮಣ್ಣು ಬಿಸಿಗೆ ಹೊದಿಸಿದ ಕಂಬಳಿ ಇದ್ದಂತೆ.

ಹೆಚ್ಚು ಆಯಿಲ್, ಹೆಚ್ಚು ಲಾಭ?

ದೊಡ್ಡ ಪಾತ್ರೆಯ ನೀರು ಕಾಯಲು ಹೆಚ್ಚು ಹೊತ್ತು ಬೇಕು, ಆದರೆ ಒಲೆ ಉರಿಯುತ್ತಿದ್ದರೆ ಅದೂ ಕಾಯುತ್ತದೆ. ಅರ್ಧ ಲೀಟರ್ ಹೆಚ್ಚಿಗೆ ಹಿಡಿಯುವ ಕವರ್ ಬಿಸಿಯೇರುವುದನ್ನು ತಡಮಾಡುತ್ತದೆ. ಒಂದೇ ಸಮ ಗಂಟೆಗಟ್ಟಲೆ ಓಡಿಸಿದರೆ ಆಯಿಲ್ ಕೊನೆಗೆ ಎಷ್ಟು ಬಿಸಿಯಾಗಿ ನಿಲ್ಲುತ್ತದೆ ಎಂಬುದು, ಗೇರುಗಳು ಹುಟ್ಟಿಸುವ ಶಾಖ ಮತ್ತು ಗಾಳಿ ಒಯ್ಯುವ ಶಾಖ ಇವೆರಡರ ಮೇಲೆ ನಿಂತಿದೆ. ಆಯಿಲ್‌ನ ಪ್ರಮಾಣಕ್ಕೆ ಅದರಲ್ಲಿ ದೊಡ್ಡ ಪಾತ್ರವಿಲ್ಲ.

ಕೆಲವು ಕವರ್‌ಗಳಲ್ಲಿ ಆಯಿಲ್ ತುಂಬುವ ತೂತು ಮೂಲ ಮಟ್ಟಕ್ಕಿಂತ ಮೇಲಿರುತ್ತದೆ. ತೂತಿನಿಂದ ತುಳುಕುವವರೆಗೂ ತುಂಬುವುದು ಗ್ಯಾರೇಜಿನ ರೂಢಿಯಾದ್ದರಿಂದ ಆಯಿಲ್ ಬೇಕಾದ್ದಕ್ಕಿಂತ ಮೇಲಕ್ಕೇರುತ್ತದೆ. ಕ್ರೌನ್ ವೀಲ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ. ನೊರೆ ಏಳುತ್ತದೆ, ಬಿಸಿ ಹೆಚ್ಚುತ್ತದೆ, ಕೊನೆಗೆ ಬ್ರೀದರ್‌ನಿಂದಲೋ ಆಯಿಲ್ ಸೀಲ್‌ನಿಂದಲೋ ಹೊರಗೆ ಬರುತ್ತದೆ. ತಂಪಿಗಾಗಿ ಹಾಕಿಸಿದ ಕವರ್ ಬಿಸಿ ಹೆಚ್ಚಿಸುವ ದಾರಿ ಇದು.

ಕವರ್‌ನ ಒಳಮೈ ಆಕಾರ ಇನ್ನೂ ಮುಖ್ಯ. ತಿರುಗುವ ಕ್ರೌನ್ ವೀಲ್ ಆಯಿಲನ್ನು ಎತ್ತಿ ಎಸೆಯುತ್ತದೆ, ಆಯಿಲ್ ಕವರ್‌ನ ಗುಂಡನೆಯ ಒಳಮೈ ಸವರಿಕೊಂಡು ಮೇಲೇರಿ ಪಿನಿಯನ್ ಬೇರಿಂಗ್ ಕಡೆಗೆ ಹೋಗುತ್ತದೆ. ಕಂಪನಿಯ ಸಾದಾ ತಗಡಿನ ಕವರ್ ದುಂಡಗಿರುವುದು ಸುಮ್ಮನೆ ಅಲ್ಲ. ಹಿಂಬದಿ ಚಪ್ಪಟೆಯಾದ, ಮೂಲೆ ಮೂಲೆಯಾದ ಕವರ್ ಹಾಕಿದರೆ ಆಯಿಲ್ ಅದಕ್ಕೆ ಅಪ್ಪಳಿಸಿ ಚೆಲ್ಲಾಪಿಲ್ಲಿಯಾಗುತ್ತದೆ. ಅಮೆರಿಕದಲ್ಲಿ ಹೆಸರಾದ ಎಂಜಿನ್ ತಜ್ಞ ಗೇಲ್ ಬ್ಯಾಂಕ್ಸ್ ಇದನ್ನು ವಿಡಿಯೋ ಸರಣಿಯಲ್ಲೇ ತೋರಿಸಿ ಚಪ್ಪಟೆ ಕವರ್ ಮಾರುವವರ ನಿದ್ದೆ ಕೆಡಿಸಿದರು. ಅವರ ಕಂಪನಿಯೂ ಕವರ್ ಮಾರುತ್ತದೆ, ದುಂಡನೆಯದು, ಅದು ನಿಮ್ಮ ಲಕ್ಷ್ಯದಲ್ಲಿರಲಿ. ಆದರೂ ಆಯಿಲ್ ಹರಿಯುವ ದಾರಿಯ ಬಗ್ಗೆ ಅವರ ತರ್ಕ ಸರಿಯಾಗಿದೆ. ನನ್ನ ಮಟ್ಟಿಗೆ ಹೊಳಪು, ಬಣ್ಣ, ಬ್ರ್ಯಾಂಡ್ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಕವರನ್ನು ತಿರುವಿಹಾಕಿ ಅದರ ಒಳಮೈಯನ್ನು.

ಗೇರ್ ಮುರಿಯುವುದನ್ನು ಕವರ್ ತಡೆಯುತ್ತದೆಯೇ?

ಇಲ್ಲ. ಹಲ್ಲು ಮುರಿಯುವುದು ಹೆಚ್ಚಾಗಿ ಹಠಾತ್ ಏಟಿಗೆ. ಗಾಳಿಯಲ್ಲಿ ಸುತ್ತುತ್ತಿದ್ದ ಚಕ್ರಕ್ಕೆ ಒಮ್ಮೆಲೇ ನೆಲ ಸಿಕ್ಕಿದಾಗ, ಆಕ್ಸಿಲರೇಟರ್ ಒತ್ತಿಯೇ ಇದ್ದರೆ ಆ ಏಟೆಲ್ಲ ಹಲ್ಲಿನ ಮೇಲೆ. ಹೊರಗೆ ಕೂತ ಮುಚ್ಚಳಕ್ಕೆ ಅದರಲ್ಲಿ ಪಾಲೇ ಇಲ್ಲ. ಒಳಗಿನ ಬೇರಿಂಗ್ ಕ್ಯಾಪ್‌ಗಳನ್ನು ಒತ್ತಿ ಹಿಡಿಯುವ ಬೋಲ್ಟ್‌ಗಳಿರುವ ವಿಶೇಷ ಕವರ್‌ಗಳುಂಟು, ಅವು ಡ್ರ್ಯಾಗ್ ರೇಸ್‌ನಂಥ ವಿಪರೀತ ಶಕ್ತಿಯ ಗಾಡಿಗಳಿಗೆ. ಹಲ್ಲು ಉಳಿಸಿಕೊಳ್ಳಲು ಬಲಗಾಲಿನ ಸಂಯಮ ಸಾಕು, ಅದು ಪುಕ್ಕಟೆ.

ಕಲ್ಲಿನ ಮಾತು ಬೇರೆ

ಈ ದಪ್ಪ ಕವರ್‌ಗಳು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ರುಬಿಕಾನ್ ಟ್ರೇಲ್‌ನಂಥ ಬಂಡೆಗಳ ದಾರಿಗಾಗಿ. ಅಲ್ಲಿ ಆಕ್ಸಲ್ ಬಂಡೆಗೆ ಉಜ್ಜುವುದು ದಿನನಿತ್ಯದ ಮಾತು. ತೆಳು ತಗಡಿನ ಕವರ್‌ನ ಕೆಳ ಅಂಚಿಗೆ ಕಲ್ಲು ಸಿಕ್ಕಿಕೊಂಡರೆ ಅಂಚು ಸುಲಿದುಕೊಂಡು ಆಯಿಲ್ ಸೋರಿಹೋಗುತ್ತದೆ, ಇಲ್ಲವೇ ತಗಡು ಒಳಕ್ಕೆ ನೆಗ್ಗಿ ಕ್ರೌನ್ ವೀಲ್‌ಗೆ ತಾಗುತ್ತದೆ. ದಪ್ಪ ಅಂಚಿದ್ದು ಬೋಲ್ಟ್ ತಲೆಗಳು ಒಳಗೆ ಅವಿತಿರುವ ಕವರ್ ಇಲ್ಲಿ ನಿಜಕ್ಕೂ ಗಾಡಿ ಉಳಿಸುತ್ತದೆ.

ಎರಡೂ ಕಡೆಗೆ ಒಟ್ಟಿಗೇ ಕೊಳ್ಳುವ ಮುನ್ನ ಒಂದು ವಿಚಾರ. ರ‍್ಯಾಂಗ್ಲರ್, ವಿಲ್ಲೀಸ್‌ಗಳ ಮುಂದಿನ ಆಕ್ಸಲ್‌ನಲ್ಲಿ ಕವರ್ ಮುಂದಕ್ಕೆ ಮುಖ ಮಾಡಿರುತ್ತದೆ, ಮೊದಲ ಏಟು ಅದಕ್ಕೇ. ಹಿಂದಿನದರಲ್ಲಿ ಕವರ್ ಹಿಂದಕ್ಕೆ ಮುಖ ಮಾಡಿರುತ್ತದೆ, ರಿವರ್ಸ್ ಹೋಗುವಾಗಲೋ ಮೆಟ್ಟಿಲಿನಂಥ ಬಂಡೆಯಿಂದ ಇಳಿಯುವಾಗಲೋ ಪೆಟ್ಟು ಬೀಳುತ್ತದೆ. ಹಣ ಒಂದಕ್ಕೇ ಇದ್ದರೆ ಮುಂದಿನದಕ್ಕೆ ಹಾಕಿ.

ಲೋಹದ ಆಯ್ಕೆಯೂ ಇಲ್ಲಿ ತಿರುಗುಮುರುಗು. ಎರಕದ ಅಲ್ಯೂಮಿನಿಯಂ ಬಲವಾದ ಏಟಿಗೆ ಬಿರುಕು ಬಿಡಬಹುದು. ಉಕ್ಕು ನೆಗ್ಗುತ್ತದೆ, ನೆಗ್ಗಿದ್ದನ್ನು ಬಡಿದು ಸರಿಮಾಡಿ ಮನೆ ಸೇರಬಹುದು. ನಾಡ್ಯುಲರ್ ಐರನ್ ಎಂಬ ಎರಕದ ಕಬ್ಬಿಣ ಸಾದಾ ಬೀಡಿನಷ್ಟು ಪೆಡಸಲ್ಲ, ಒಳ್ಳೆಯ ಬಂಡೆಗಾಡಿನ ಕವರ್‌ಗಳು ಅದರಲ್ಲೇ ಬರುತ್ತವೆ. ತೂಕ ಹೆಚ್ಚು, ನೋಟಕ್ಕೆ ಸಾದಾ.

ಮಲೆನಾಡಿನಲ್ಲಿ ಶತ್ರು ಬೇರೆ

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಸುತ್ತ ಓಡಾಡುವ ಗಾಡಿಗೆ ಬಂಡೆಗಿಂತ ಹೆಚ್ಚು ಎದುರಾಗುವುದು ಕೆಸರು ಮತ್ತು ಹಳ್ಳ. ಘಾಟಿ ಹತ್ತಿ ಬಂದ ಡಿಫರೆನ್ಷಿಯಲ್‌ನೊಳಗಿನ ಗಾಳಿ 90 ಡಿಗ್ರಿ ಇದೆ ಎನ್ನಿ. ನೇರ ಹಳ್ಳಕ್ಕಿಳಿಸಿದಿರಿ, ಗಾಳಿ 25 ಡಿಗ್ರಿಗೆ ಇಳಿಯಿತು. ಹೊರಗಿನಿಂದ ಗಾಳಿ ಬರಲು ದಾರಿಯಿಲ್ಲದಿದ್ದರೆ ಒಳಗಿನ ಒತ್ತಡ ಸುಮಾರು ಶೇಕಡ 18ರಷ್ಟು ಕುಸಿಯುತ್ತದೆ. ಆಗ ಆಕ್ಸಲ್ ಪಿಚಕಾರಿಯಂತೆ ನೀರೆಳೆಯುತ್ತದೆ, ಆಯಿಲ್ ಸೀಲ್‌ಗಳ ಅಂಚಿನಿಂದ. ನೀರು ಬೆರೆತ ಆಯಿಲ್ ಬೇರಿಂಗ್‌ಗಳನ್ನು ಸದ್ದಿಲ್ಲದೆ ತಿನ್ನುತ್ತದೆ.

ಇದನ್ನು ತಡೆಯುವುದು ಬ್ರೀದರ್, ಆಕ್ಸಲ್ ಮೇಲಿನ ಪುಟ್ಟ ಗಾಳಿಕಂಡಿ. ಅದು ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಅಥವಾ ಅದೇ ನೀರಿನಲ್ಲಿ ಮುಳುಗಿದರೆ ಪ್ರಯೋಜನವಿಲ್ಲ. ಅದಕ್ಕೊಂದು ರಬ್ಬರ್ ಪೈಪ್ ಜೋಡಿಸಿ ಬಾನೆಟ್ ಒಳಗಿನ ಎತ್ತರಕ್ಕೆ ಒಯ್ದು ಕಟ್ಟಿಸಿದರೆ ಕೆಲಸ ಮುಗಿಯಿತು. ಕವರ್‌ನ ಬೆಲೆಯ ಮುಂದೆ ಇದರ ಖರ್ಚು ಲೆಕ್ಕಕ್ಕಿಲ್ಲ. ಇದರ ಬಗ್ಗೆ ಮಾತ್ರ ಯಾಕೋ ಫಾರ್ವರ್ಡ್ ಬರುವುದೇ ಇಲ್ಲ!

ಆದರೂ ಕವರ್ ಹಾಕಿಸುವುದೇ ಆದರೆ

ಆಕ್ಸಲ್‌ನ ಮಾದರಿ ಮತ್ತು ಬೋಲ್ಟ್‌ಗಳ ಸಂಖ್ಯೆ ಹೊಂದಬೇಕು, ಗಾಡಿಯ ಹೆಸರು ಹೊಂದಿದರೆ ಸಾಲದು. ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ದಪ್ಪ ಕವರ್ ಯಾವ ರಾಡ್‌ಗೂ ತಾಗಬಾರದು. ಆಯಿಲನ್ನು ಕವರ್‌ನ ತೂತಿನ ಪ್ರಕಾರವಲ್ಲ, ಗಾಡಿಯ ಮ್ಯಾನ್ಯುಯಲ್ ಹೇಳುವ ಮಟ್ಟಕ್ಕೆ ತುಂಬಿಸಿ. ಗ್ರೇಡ್ ಕೂಡ ಅದೇ ಹೇಳಿದ್ದು, ಇಂಥ ಗೇರುಗಳಿಗೆ ಸಾಮಾನ್ಯವಾಗಿ ಜಿಎಲ್-5. ವಾರಂಟಿ ಇರುವ ಗಾಡಿಯಾದರೆ ಸರ್ವಿಸ್ ಸೆಂಟರ್‌ನಲ್ಲಿ ಮೊದಲೇ ಕೇಳಿಕೊಳ್ಳಿ.

ಡ್ರೈನ್ ಪ್ಲಗ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ಮುಂದಿನ ಸಲ ಆಯಿಲ್ ಬದಲಿಸುವಾಗ ಬೂದುಬಣ್ಣದ ನುಣ್ಣನೆ ಲೇಪ ಕಾಣುತ್ತದೆ. ಅದನ್ನು ತೋರಿಸಿ ಗೇರ್ ಹೋಯಿತೆಂದು ಹೆದರಿಸುವವರಿದ್ದಾರೆ, ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಮಾತ್ರ ಬಿಚ್ಚಿಸಿ ನೋಡಬೇಕು. ಹಳ್ಳ ದಾಟಿದ ಮರುದಿನ ತುಂಬುವ ಪ್ಲಗ್ ಬಿಚ್ಚಿ ಬೆರಳದ್ದಿ ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಅವತ್ತೇ ಬದಲಿಸಿ.