ಹಳೆಯ ಜೀಪು: ಭಂಗಾರಕ್ಕೋ, ಬಾಳಿಕೆಗೋ?

ನಮ್ಮ ಜತ್ತ ತಾಲೂಕಿನ ಅನೇಕ ಊರುಗಳಲ್ಲಿ, ಬೇವಿನ ಗಿಡದ ನೆರಳಿಗೋ ಕಣಿಕೆಯ ಬಣವಿಯ ಮಗ್ಗುಲಿಗೋ, ಒಂದು ಹಳೆಯ ಜೀಪೋ ಪಿಕಪ್ ಗಾಡಿಯೋ ನಿಂತಿರುವದನ್ನು ಕಾಣುತ್ತೇವೆ. ನಾಲ್ಕೂ ಗಾಲಿಗಳಿಗೆ ಇಂಜಿನ್ನಿನ ಜೋರು ಹೋಗುವಂಥ ಗಾಡಿ ಅದು. ಈಗ ಟಾಯರು ಮಣ್ಣಿನಲ್ಲಿ ಕುಸಿದಿವೆ, ಒಳಗೆ ಕೋಳಿಗಳು ಮೊಟ್ಟೆ ಇಡುತ್ತವೆ. ತಂದೆಯ ಕಾಲಕ್ಕೆ ಬೀಜ, ಗೊಬ್ಬರ, ಬಾಣಂತಿ, ಲಗ್ನದ ಬೀಗರು ಎಲ್ಲರನ್ನೂ ಎಲ್ಲವನ್ನೂ ಹೊತ್ತ ಗಾಡಿಗೆ ಮಗನ ಕಾಲಕ್ಕೆ ಭಂಗಾರದವನು ಬಂದು ಕಿಲೋದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾನೆ. ಕೊಟ್ಟುಬಿಡಬೇಕೋ, ಮನೆಯ ಚಪ್ಪರದಲ್ಲಿಯೇ ಬಿಚ್ಚಿ ಮತ್ತೆ ಕಟ್ಟಬೇಕೋ?

ಕಟ್ಟಲು ಯೋಗ್ಯವಾದದ್ದನ್ನು ಕಟ್ಟಲೇಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ನಮ್ಮಲ್ಲಿ ನಡೆದಿರುವ ಕ್ರಮವು ತಲೆಕೆಳಗಾಗಿದೆ. ಮೊದಲು ಬಣ್ಣ, ಆಮೇಲೆ ದೊಡ್ಡ ಟಾಯರು, ಆಮೇಲೆ ಇಂಜಿನ್, ಅದಾದ ಮೇಲೆ ಬ್ರೇಕು, ಎಲ್ಲ ಮುಗಿದು ಕೈಯ ಹಣ ಕರಗಿದ ಮೇಲೆ ಕಾಗದಪತ್ರ! ಈ ಕ್ರಮವನ್ನು ತಿರುವಿ ಹಾಕಬೇಕು. ಕಾಗದ ಮೊದಲು, ಚಾಸಿ ಎರಡನೆಯದು, ಬ್ರೇಕು ಮೂರನೆಯದು, ಇಂಜಿನ್ ನಾಲ್ಕನೆಯದು, ಬಣ್ಣ ಕಟ್ಟಕಡೆಗೆ. ಹೀಗೆ ನಡೆದವನ ಗಾಡಿ ರಸ್ತೆಗೆ ಬರುವದು. ಹಾಗೆ ನಡೆದವನದು ಬಣ್ಣ ಬಳಿದುಕೊಂಡು ಮತ್ತೆ ಬೇವಿನ ಗಿಡದ ಕೆಳಗೇ ನಿಲ್ಲುವದು.

ಗಾಡಿಯ ಮೂಲ ತಿಳಿದರೆ ಗುಣವೂ ತಿಳಿಯುವದು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೇರಿಕೆಯ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೈನ್ಯಕ್ಕಾಗಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಮಾಡಿದವು. ರಣಾಂಗಣದಲ್ಲಿ ಕೆಟ್ಟರೆ ಅಲ್ಲಿಯೇ ರಿಪೇರಿಯಾಗಬೇಕಾದ ಗಾಡಿ. ಆದುದರಿಂದ ತಗಡು ಸಪಾಟು, ರಚನೆ ಸರಳ. ನಮ್ಮ ದೇಶದಲ್ಲಿ ೧೯೪೫ರಲ್ಲಿ ಮಹೀಂದ್ರ ಅಂಡ್ ಮಹಮ್ಮದ್ ಎಂದು ಹುಟ್ಟಿದ ಕಂಪನಿಯು ೧೯೪೮ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎನಿಸಿಕೊಂಡು, ೧೯೪೯ರಲ್ಲಿ ಮುಂಬಯಿಯ ಮಜಗಾಂವದಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಬಹುಕಾಲ ಇವುಗಳಲ್ಲಿ ಬಂದದ್ದು ೧೩೪ ಘನ ಇಂಚಿನ, ಅಂದರೆ ಸುಮಾರು ೨.೨ ಲೀಟರಿನ, ಹರಿಕೇನ್ ಎಂಬ ಪೆಟ್ರೋಲ್ ಇಂಜಿನ್. ಚಾಲಕನ ಕೋಣೆಯನ್ನು ಇಂಜಿನ್ನಿನ ಮೇಲೆಯೇ ಕೂಡ್ರಿಸಿದ ಎಫ್.ಸಿ. ಪಿಕಪ್ ಗಾಡಿಗಳೂ ಇದೇ ಮನೆತನದವು. ೧೯೮೦ರ ದಶಕದಲ್ಲಿ ಪ್ಯೂಜೊ ಡೀಸೆಲ್ ಇಂಜಿನ್ನಿನ ಎಂ.ಎಂ. ೫೪೦ ಬಂದಿತು. ಇವೆಲ್ಲ ಕಂಪ್ಯೂಟರ್ ಇಲ್ಲದ ಗಾಡಿಗಳು. ಪಾನಾ, ಸುತ್ತಿಗೆ, ಜಾಕು ಮತ್ತು ತಾಳ್ಮೆ ಇದ್ದವನ ಕೈಗೆ ಬಗ್ಗುವಂಥವು.

ಇನ್ನು ಕಾಗದದ ಮಾತು. ಖಾಸಗಿ ಗಾಡಿಯಾದರೆ ೧೫ ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು. ಬಾಡಿಗೆಗೆ ಸಾಮಾನು ಸಾಗಿಸುವ ಗಾಡಿಯೆಂದು ಬರೆಯಿಸಿದ್ದರೆ, ಹಳೆಯದಾದ ಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ೨೦೨೨ರ ಏಪ್ರಿಲ್‌ದಿಂದ ಹಳೆಯ ಗಾಡಿಗಳ ಶುಲ್ಕ ಬಹಳ ಏರಿದೆ. ೨೦೨೫ರಲ್ಲಿ ೨೦ ವರ್ಷ ದಾಟಿದ ಗಾಡಿಗಳಿಗೆ ಮತ್ತೂ ಏರಿತು. ಪರಿಸರ ತೆರಿಗೆ ಬೇರೆ. ಆದುದರಿಂದ ಒಂದು ಬೋಲ್ಟನ್ನೂ ಸಡಿಲಿಸುವ ಮೊದಲು ಆರ್.ಸಿ. ಪುಸ್ತಕವನ್ನು ಹುಡುಕಿ, ಚಾಸಿಯ ಮೇಲೆ ಕೊರೆದ ನಂಬರನ್ನು ಸೀರು ಕಾಗದದಿಂದ ಉಜ್ಜಿ ಓದಿ, ಎರಡೂ ಕೂಡುತ್ತವೆಯೋ ಎಂದು ನೋಡಿರಿ. ಕೂಡದಿದ್ದರೆ, ಇಲ್ಲವೆ ನೋಂದಣಿ ರದ್ದಾಗಿದ್ದರೆ, ಆ ಗಾಡಿಯ ಮೇಲೆ ಸಾಲ ಮಾಡಬೇಡಿರಿ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕುಂಟು. ನಮ್ಮ ಹೆಣ್ಣು-ಗಂಡಿನ ಸಂಬಂಧ, ಸಂತೆ, ಜಾತ್ರೆ ಎಲ್ಲವೂ ವಿಜಯಪುರ, ಅಥಣಿಯ ಕಡೆಗೆ. ಗಾಡಿಯೂ ಅತ್ತಲಿಂದಲೇ ಬರುತ್ತದೆ. ಬೀಗರು ಕೊಟ್ಟರು ಎಂದು ಕೆ.ಎ. ೨೮ ನಂಬರಿನ ಜೀಪನ್ನು ತಂದು ಹತ್ತು ವರ್ಷ ಹಾಗೆಯೇ ಓಡಿಸುವ ರೂಢಿಯಿದೆ. ಕಾಯದೆಯು ಇದನ್ನು ಒಪ್ಪುವದಿಲ್ಲ. ಒಂದು ರಾಜ್ಯದ ಗಾಡಿಯನ್ನು ಇನ್ನೊಂದರಲ್ಲಿ ೧೨ ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ, ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರ ತಂದು ಇಲ್ಲಿಯ ನಂಬರನ್ನು, ಅಂದರೆ ನಮ್ಮ ಸಾಂಗಲಿಯ ಎಂ.ಎಚ್. ೧೦ ನ್ನು, ಪಡೆಯಬೇಕು. ಮಾರಿದವರು ಬದುಕಿ ಸಹಿ ಮಾಡುವಂತಿರುವಾಗಲೇ ಈ ಕೆಲಸ ಮುಗಿಯಬೇಕು. ಅವರು ತೀರಿಕೊಂಡ ಮೇಲೆ ವಾರಸುದಾರರ ಹಿಂದೆ ತಿರುಗುವದು ಸಾಮಾನ್ಯ ಕಷ್ಟವಲ್ಲ.

ಗಾಡಿಯ ಮೂಲ ರೂಪವನ್ನು ಕೆಡಿಸಬಾರದೆಂದು ನಾನು ಒತ್ತಿ ಹೇಳುವದಕ್ಕೂ ಕಾಯದೆಯೇ ಒಂದು ಕಾರಣ. ಪೆಟ್ರೋಲ್ ಜೀಪಿಗೆ ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್ ಕೂಡ್ರಿಸುವದು, ಚಾಸಿ ಕತ್ತರಿಸಿ ಉದ್ದ ಮಾಡುವದು ನಮ್ಮ ಕಡೆ ಹೊಸದಲ್ಲ. ಪುಸ್ತಕದಲ್ಲಿ ಪೆಟ್ರೋಲ್, ಬಾನೆಟ್ಟಿನ ಕೆಳಗೆ ಡೀಸೆಲ್! ಕಂಪನಿಯು ಬರೆದುಕೊಟ್ಟ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸಕೂಡದೆಂದು ಮೋಟಾರು ವಾಹನ ಕಾಯದೆಯ ೫೨ನೆಯ ಕಲಮು ಹೇಳುತ್ತದೆ; ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿ ಹಿಡಿಯಿತು. ಅಪಘಾತವಾದಾಗ ವಿಮೆಯ ಕಂಪನಿಯವರು ಮೊದಲು ನೋಡುವದು ಇದನ್ನೇ.

ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಕಡೇಗಾಂವ ತಾಲೂಕಿನ ದೇವರಾಷ್ಟ್ರೆಯ ದತ್ತಾತ್ರಯ ಲೋಹಾರ ಅವರು ಭಂಗಾರದ ಸಾಮಾನುಗಳಿಂದ, ಸುಮಾರು ೬೦ ಸಾವಿರ ರೂಪಾಯಿಯಲ್ಲಿ, ಮೋಟಾರ್ ಸೈಕಲ್ಲಿನಂತೆ ಕಾಲಿನಿಂದ ಒದ್ದು ಚಾಲೂ ಮಾಡುವ ಪುಟ್ಟ ಜೀಪನ್ನು ಕಟ್ಟಿದರು. ೨೦೨೧ರ ಡಿಸೆಂಬರದಲ್ಲಿ ದೇಶವೆಲ್ಲ ಅದನ್ನು ಕಂಡಿತು. ಆನಂದ ಮಹೀಂದ್ರರು ಮೆಚ್ಚಿದರು; ಆದರೆ ನಿಯಮಕ್ಕೆ ಹೊರತಾದ ಈ ಗಾಡಿಯನ್ನು ಅಧಿಕಾರಿಗಳು ಇಂದಲ್ಲ ನಾಳೆ ತಡೆಯುವರೆಂದೂ ಹೇಳಿ, ಬದಲಿಗೆ ಬೊಲೆರೋ ಕೊಡುವದಾಗಿ ಮುಂದೆ ಬಂದರು. ೨೦೨೨ರ ಜನವರಿಯಲ್ಲಿ ಬೊಲೆರೋ ಅವರ ಮನೆಗೆ ಬಂದಿತು. ಇದರಿಂದ ಎರಡು ಪಾಠ ಕಲಿಯಬಹುದು. ನಮ್ಮ ಹಳ್ಳಿಯ ಕಮ್ಮಾರನ ಕೈ ಯಾವ ಕಾರಖಾನೆಯ ಕೈಗೂ ಕಡಿಮೆಯಲ್ಲ. ಆದರೆ ಕೈಚಳಕವೊಂದೇ ಇದ್ದರೆ ಗಾಡಿ ರಸ್ತೆಗೆ ಬರುವದಿಲ್ಲ. ಅದೇ ಕೈಯನ್ನು, ಕಾಗದ ಜೀವಂತವಿರುವ ಹಳೆಯ ಜೀಪಿನ ಮೇಲೆ ಆಡಿಸಿದರೆ ಬೊಲೆರೋ ಕೊಡುವವರಿಗಾಗಿ ಯಾರೂ ಕಾಯಬೇಕಾಗಿಲ್ಲ.

೫೦ ವರ್ಷ ದಾಟಿದ ಗಾಡಿಗಳಿಗೆ ೨೦೨೧ರಿಂದ ‘ವಿಂಟೇಜ್’ ಎಂಬ ಬೇರೆ ನೋಂದಣಿಯಿದೆ. ಹೆಸರು ಕೇಳಿ ಮರುಳಾಗಬೇಡಿರಿ. ಅದರ ಶುಲ್ಕ ೨೦ ಸಾವಿರ ರೂಪಾಯಿ, ಅವಧಿ ೧೦ ವರ್ಷ. ಪ್ರದರ್ಶನ, ರ‍್ಯಾಲಿಗಳಂಥ ಕಾರಣಕ್ಕಲ್ಲದೆ ದಿನಬಳಕೆಗೂ ಧಂಧೆಗೂ ಓಡಿಸುವಂತಿಲ್ಲ. ಹೊಲಕ್ಕೆ ಮೇವು ಒಯ್ಯುವ ನಮಗೆ ಅದು ಹೊಂದುವದಿಲ್ಲ.

ಕಾಗದ ಸರಿಯಾಯಿತು. ಈಗ ಚಾಸಿ. ತಗಡು ಹೋದರೆ ಕಮ್ಮಾರನು ಹೊಸ ತಗಡು ಬಡಿದು ಕೊಡುವನು. ಚಾಸಿ ಹೋದರೆ ಗಾಡಿಯ ಬೆನ್ನೆಲುಬೇ ಹೋದಂತೆ. ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಹೋಗಿರಿ. ಗಟ್ಟಿ ಕಬ್ಬಿಣ ಗಂಟೆಯಂತೆ ನುಡಿಯುವದು, ತುಕ್ಕು ತಿಂದದ್ದು ಬೋಂಡಾಗಿ ನುಡಿಯುವದು. ಸ್ಪ್ರಿಂಗಿನ ಪಾಟಾ ಕೂಡುವ ಕೀಲುಗಳ ಹತ್ತಿರ ವಿಶೇಷವಾಗಿ ನೋಡಬೇಕು. ಹಲವು ಕಡೆ ತೂತು ಬಿದ್ದಿದ್ದರೆ ಭಂಗಾರದವನನ್ನು ಕರೆಯಲು ಸಂಕೋಚ ಬೇಡ.

ಮೂರನೆಯದು ಬ್ರೇಕು. ಇಂಜಿನ್ ಚಾಲೂ ಆದೊಡನೆ ಮನೆಯ ಹುಡುಗರು ಓಡಿಸಿ ನೋಡದೆ ಬಿಡುವದಿಲ್ಲ; ಆದುದರಿಂದ ಬ್ರೇಕು ಮೊದಲು ಸಿದ್ಧವಾಗಬೇಕು. ಈ ಹಳೆಯ ಗಾಡಿಗಳಲ್ಲಿ ನಾಲ್ಕೂ ಗಾಲಿಯ ಬ್ರೇಕಿಗೆ ಒಂದೇ ಎಣ್ಣೆಯ ದಾರಿ. ಒಂದು ಕಡೆ ಸೋರಿದರೆ ಪೆಡಲು ನೆಲಕ್ಕೆ ಹತ್ತಿ ನಾಲ್ಕೂ ಗಾಲಿಯ ಹಿಡಿತ ಒಮ್ಮೆಲೆ ತಪ್ಪುವದು. ಹಳೆಯ ರಬ್ಬರು, ತುಕ್ಕು ಹಿಡಿದ ಪೈಪು ಒಂದನ್ನೂ ಉಳಿಸಿಕೊಳ್ಳಬೇಡಿರಿ. ಉಳಿದೆಲ್ಲ ಕಡೆ ಕೈ ಬಿಗಿ ಹಿಡಿಯಿರಿ, ಇಲ್ಲಿ ಮಾತ್ರ ಬೇಡ.

ಇಂಜಿನ್ನಿನ ವಿಷಯದಲ್ಲಿ ಅವಸರವೇ ಶತ್ರು. ವರ್ಷಗಟ್ಟಲೆ ನಿಂತ ಇಂಜಿನ್ನನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಚಾಲೂ ಮಾಡುವದು ನಮ್ಮಲ್ಲಿ ದೊಡ್ಡ ಸಾಹಸವೆನಿಸಿದೆ. ಸಿಲಿಂಡರಿಗೆ ಅಂಟಿದ ಪಿಸ್ಟನ್ ರಿಂಗುಗಳು ಆ ಒಂದು ಜಗ್ಗಿಗೆ ಮುರಿಯುವವು. ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಇಂಜಿನ್ ಆಯಿಲ್ ಬೆರೆಸಿ ಪ್ರತಿ ಸಿಲಿಂಡರಿನಲ್ಲಿ ಸ್ವಲ್ಪ ಸುರಿದು ಎರಡು ಮೂರು ದಿನ ಬಿಡಬೇಕು. ಆಮೇಲೆ ಮುಂದಿನ ಹ್ಯಾಂಡಲಿನಿಂದ ಹಗುರಾಗಿ ತಿರುವಬೇಕು. ಬಿಚ್ಚುವದು, ತೊಳೆಯುವದು, ಜೋಡಿಸುವದು ಮನೆಯಲ್ಲಿ ಆಗುವ ಕೆಲಸ. ಸಿಲಿಂಡರ್ ಬೋರಿಂಗ್ ಆಗದ ಕೆಲಸ. ಅದಕ್ಕೆ ಮಿರಜ, ಸಾಂಗಲಿ ಇಲ್ಲವೆ ಕೊಲ್ಹಾಪುರದ ಉದ್ಯಮನಗರಕ್ಕೇ ಹೋಗಬೇಕು.

ಪೆಟ್ರೋಲ್ ಗಾಡಿಯವರಿಗೆ ಇನ್ನೊಂದು ಎಚ್ಚರಿಕೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ೨೦ರಷ್ಟು ಎಥೆನಾಲ್ ಇರುತ್ತದೆ. ಕಬ್ಬಿನಿಂದಲೂ ಅದನ್ನು ತೆಗೆಯುತ್ತಾರೆಂದು ರೈತನಿಗೆ ಸಂತೋಷವೇ. ಆದರೆ ಅದು ನೀರನ್ನು ಹೀರುವದು. ಹಳೆಯ ಕಾಲದ ರಬ್ಬರಿನ ನಳಿಕೆಗಳನ್ನೂ ಕಾರ್ಬುರೇಟರಿನ ವಾಶರುಗಳನ್ನೂ ಮೆತ್ತಗೆ ಮಾಡುವದು. ಎಲ್ಲ ನಳಿಕೆಗಳನ್ನು ಎಥೆನಾಲ್ ತಾಳುವಂಥವುಗಳಿಂದ ಬದಲಿಸಿರಿ. ಗಾಡಿ ನಿಲ್ಲಿಸುವ ತಿಂಗಳುಗಳಲ್ಲಿ ಟಾಕಿಯಲ್ಲಿ ಹಳೆಯ ಪೆಟ್ರೋಲ್ ಬಿಡಬೇಡಿರಿ.

ನಾಲ್ಕು ಗಾಲಿಯ ಜೋರನ್ನು ಬಳಸುವದಕ್ಕೂ ತಿಳುವಳಿಕೆ ಬೇಕು. ಎರಡು ಸಣ್ಣ ಲಿವರುಗಳಲ್ಲಿ ಒಂದು ಮುಂದಿನ ಗಾಲಿಗಳನ್ನು ಕೂಡಿಸುವದು, ಇನ್ನೊಂದು ವೇಗವನ್ನು ತಗ್ಗಿಸಿ ಎಳೆಯುವ ಬಲವನ್ನು ಸುಮಾರು ಎರಡೂವರೆ ಪಟ್ಟು ಮಾಡುವದು. ಹಳ್ಳದ ಉಸುಕು, ಮಳೆಗಾಲದ ಎರಿಮಣ್ಣು ಇವುಗಳಿಗೆ ಅದು ಬೇಕು. ಡಾಂಬರು ರಸ್ತೆಯಲ್ಲಿ ಬೇಡ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುವವು. ಉಸುಕಿನಲ್ಲಿ ಗಾಲಿ ಜಾರಿ ಈ ಅಂತರ ಸರಿಹೋಗುವದು. ಗಟ್ಟಿ ರಸ್ತೆಯಲ್ಲಿ ಜಾರಲಾರದೆ ಗೇರು, ಶಾಫ್ಟುಗಳ ಮೇಲೆ ಸೆಳೆತ ಬಿದ್ದು ಮುರಿಯುವವು.

“ಮಾಸ್ತರರೆ, ಇಷ್ಟೆಲ್ಲ ಕಷ್ಟಕ್ಕಿಂತ ಒಂದು ಹೊಸ ಪಿಕಪ್ ತೆಗೆದುಕೊಳ್ಳಬಾರದೆ?” ಎಂದು ಕೆಲವರು ಕೇಳುವರು. ದಿನಾಲು ದ್ರಾಕ್ಷಿ, ದಾಳಿಂಬೆ ಪೇಟೆಗೆ ಒಯ್ಯುವವರು ಹೊಸದನ್ನೇ ತೆಗೆದುಕೊಳ್ಳಲಿ. ಅವರ ಮಾತು ನ್ಯಾಯವಾದದ್ದು. ಹಳೆಯ ಗಾಡಿಗೆ ಅತಿಭಾರವೂ ಸಲ್ಲದು. ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ. ಬೇಸಿಗೆಯಲ್ಲಿ ನೀರಿನ ಟಾಕಿ ಕಟ್ಟುವ ಮೊದಲು ಇದನ್ನು ನೆನೆಯಬೇಕು. ಆದರೆ ಮೇವು, ಔಷಧ ಹೊಡೆಯುವ ಪಂಪು, ನಾಲ್ಕು ಚೀಲ ಗೊಬ್ಬರ, ಕೆಸರಿನ ದಾರಿ ಇಷ್ಟೇ ಕೆಲಸವಿದ್ದ ಜಿರಾಯತ ರೈತನು ಇದಕ್ಕಾಗಿ ಹೊಸ ಸಾಲ ಮಾಡುವದು ಯಾಕೆ? ಸಾಲದ ಕಂತು ಮಳೆಯ ದಾರಿ ನೋಡುವದಿಲ್ಲ. ನಮ್ಮ ಜತ್ತದ ಮಳೆಯ ಗುಣ ನಮಗೆ ಗೊತ್ತೇ ಇದೆ.

ಹಣದ ಲೆಕ್ಕಕ್ಕಿಂತ ದೊಡ್ಡದು ಇನ್ನೊಂದಿದೆ. ನಮ್ಮ ಕನ್ನಡ ಶಾಲೆಯ ಹುಡುಗನು ಸನ್ನೆಕೋಲು, ಘರ್ಷಣೆ, ದ್ರವದ ಒತ್ತಡ ಎಂದು ಪುಸ್ತಕದಲ್ಲಿ ಬಾಯಿಪಾಠ ಮಾಡುತ್ತಾನೆ. ಜಾಕು ಎತ್ತಿದಾಗ ಸನ್ನೆಕೋಲು, ಬ್ರೇಕು ಒತ್ತಿದಾಗ ದ್ರವದ ಒತ್ತಡ ಅವನ ಕೈಗೇ ಸಿಗುವದು. ವರ್ಷ ವರ್ಷ ನಮ್ಮ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಊರು ಬಿಡುತ್ತವೆ. ಒಂದು ಗಾಡಿಯನ್ನು ಪೂರ್ತಿ ಬಿಚ್ಚಿ ಕಟ್ಟಿದ ಹುಡುಗನಿಗೆ ಕೊಯಿತೆ ಹೊರತು ಬೇರೆ ದಾರಿಯಿಲ್ಲವೆಂದು ಹೇಳಲಾಗದು. ಈ ಗಾಡಿಗಳ ಗುಟ್ಟು ಬಲ್ಲ ಹಳೆಯ ಮಿಸ್ತ್ರಿಗಳು ಈಗ ಮುಪ್ಪಿನವರು. ಅವರನ್ನು ಕಾಕಾ ಎಂದು ಕರೆದು, ಚಹಾ ಕೊಟ್ಟು, ಚಪ್ಪರದಲ್ಲಿ ಕೂಡ್ರಿಸಿ, ಹುಡುಗರ ಕೈಯಿಂದ ಕೆಲಸ ಮಾಡಿಸಿರಿ. ಯಾವ ಬೋಲ್ಟು ಎಲ್ಲಿಯದು, ಯಾವ ಸಾಮಾನಿಗೆ ಎಷ್ಟು ಬಿದ್ದಿತು ಎಂಬುದನ್ನು ಒಂದು ವಹಿಯಲ್ಲಿ ಕನ್ನಡದಲ್ಲಿಯೇ ಬರೆದಿಡಲಿ. ಆ ವಹಿ ಮುಂದಿನ ಮನೆಯವರಿಗೂ ಬರುವದು.

ಹಿಂಗಾರಿ ಜೋಳದ ಸುಗ್ಗಿ ಮುಗಿದು ಮುಂಗಾರಿ ಬಿತ್ತಿಗೆ ಬರುವ ವರೆಗಿನ ದಿನಗಳು ಈ ಕೆಲಸಕ್ಕೆ ಅನುಕೂಲವಾದವು. ಮೊದಲನೆಯ ವಾರ ಪಾನಾ ಹಿಡಿಯಬೇಡಿರಿ, ಆರ್.ಸಿ. ಪುಸ್ತಕ ಹಿಡಿದು ಸಾಂಗಲಿಗೆ ಹೋಗಿ ಬನ್ನಿರಿ. ಅಲ್ಲಿಂದ ಒಳ್ಳೆಯ ಉತ್ತರ ಬಂದರೆ ಚಪ್ಪರ ಹಾಕಿರಿ. ಬರದಿದ್ದರೆ ಭಂಗಾರದವನ ತಕ್ಕಡಿಯನ್ನು ಚೆನ್ನಾಗಿ ಪರೀಕ್ಷಿಸಿ ಕೊಟ್ಟುಬಿಡಿರಿ.