ಬೆಳೆಯುವ ಇಟ್ಟಿಗೆ

ಧಾರವಾಡದಿಂದ ಅಳ್ನಾವರದತ್ತ ಸಾಗುವ ರೈಲು ಮುಗದವನ್ನು ಮುಟ್ಟುವಷ್ಟರಲ್ಲಿ ಎರೆಯ ಬಯಲು ಹಿಂದುಳಿದು ಭತ್ತದ ಸೀಮೆ ತೆರೆದುಕೊಳ್ಳುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಭತ್ತದ ಸಂಶೋಧನೆಯನ್ನು ನಡೆಸುವುದೂ ಈ ಊರಿನಲ್ಲಿಯೇ. ಒಕ್ಕಲು ಮುಗಿದ ಮೇಲೆ ಹಿತ್ತಿಲಲ್ಲಿ ಹುಲ್ಲಿನ ಬಣವೆ, ಗಿರಣಿಯ ಬಳಿ ಹೊಟ್ಟಿನ ರಾಶಿ. ಇವುಗಳಿಂದ ಮನೆಯ ಇಟ್ಟಿಗೆಯನ್ನು ‘ಬೆಳೆಯಬಹುದು’ ಎಂದರೆ ಅಲ್ಲಿಯ ಹಿರಿಯರು ನಕ್ಕಾರು. ಆದರೂ ಮಾತು ಹುಸಿಯಲ್ಲ.

ಬೆಳೆಯುವುದು ಅಣಬೆ. ಕಣ್ಣಿಗೆ ಕಾಣುವ ಕೊಡೆಯು ಅದರ ಫಲ ಮಾತ್ರ; ನಿಜವಾದ ಒಡಲು ಕಸಕಡ್ಡಿಗಳೊಳಗೆ ಹಬ್ಬುವ ಬಿಳಿಯ ಎಳೆಗಳ ಜಾಲ. ಕತ್ತರಿಸಿದ ಹುಲ್ಲನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಅಣಬೆಯ ಬೀಜವನ್ನು ಬೆರೆಸಿ ಅಚ್ಚಿನಲ್ಲಿ ತುಂಬಿದರೆ, ಕೆಲವು ದಿನಗಳಲ್ಲಿ ಎಳೆಗಳು ಎಲ್ಲವನ್ನೂ ಹೆಣೆದು ಹಗುರವಾದ ಇಟ್ಟಿಗೆಯನ್ನಾಗಿ ಮಾಡುತ್ತವೆ. ಆ ಬಳಿಕ ಕಾವು ಕೊಟ್ಟು ಎಳೆಗಳನ್ನು ಕೊಲ್ಲಬೇಕು. ಇಲ್ಲವಾದರೆ ಪಡಸಾಲೆಯ ಗೋಡೆಯಲ್ಲಿ ಅಣಬೆ ಮೊಳೆತೀತು! 2014ರಲ್ಲಿ ನ್ಯೂಯಾರ್ಕಿನಲ್ಲಿ ಮೆಕ್ಕೆಜೋಳದ ದಂಟು ಮತ್ತು ಅಣಬೆಯ ಎಳೆಗಳಿಂದ ಬೆಳೆಸಿದ ಸುಮಾರು 10,000 ಇಟ್ಟಿಗೆಗಳ ಗೋಪುರವೊಂದನ್ನು ಡೇವಿಡ್ ಬೆಂಜಮಿನ್ ಎಂಬ ವಾಸ್ತುಶಿಲ್ಪಿ ನಿಲ್ಲಿಸಿದರು. ಬೇಸಗೆ ಕಳೆದೊಡನೆ ಅದನ್ನು ಕೆಡವಿ ಗೊಬ್ಬರವಾಗಿಸಲಾಯಿತು.

ಒಂದು ಬೇಸಗೆಗೆ ಸರಿ, ಮುಗದದ ಮುಂಗಾರಿಗೆ? ಈ ಇಟ್ಟಿಗೆ ನೀರು ಹೀರುತ್ತದೆ, ಮಾಳಿಗೆಯ ಭಾರವನ್ನು ಹೊರಲಾರದು. ಒಳಗಿನ ಅಡ್ಡಗೋಡೆಗೆ, ಬಿಸಿಲಿನ ಝಳವನ್ನು ತಡೆಯುವ ಹಲಗೆಗೆ ಒದಗೀತು. ಇದಕ್ಕಿಂತ ದೊಡ್ಡ ತೊಡಕು ಬೇರೊಂದಿದೆ: ಬಣವೆಯ ಹುಲ್ಲು ಕಸವಲ್ಲ, ದನಗಳ ವರ್ಷದ ಮೇವು. ಎತ್ತಿನ ಬಾಯಿಂದ ಕಸಿದು ಗೋಡೆ ಕಟ್ಟುವುದು ಯಾವ ಜಾಣತನ? ಮೊದಲು ಹೊಟ್ಟನ್ನು ಪರೀಕ್ಷಿಸಿ ನೋಡುವುದೇ ಲೇಸು.

ಜೀವಿಗಳ ಅಂಟನ್ನು ಮನೆಗೆ ಬಳಸುವುದು ಕನ್ನಡ ನಾಡಿಗೆ ಹೊಸತೇನಲ್ಲ. ಗೆದ್ದಲು ತನ್ನ ಜೊಲ್ಲಿನಿಂದ ಬೆಸೆದ ಹುತ್ತದ ಮಣ್ಣನ್ನು ಹಳ್ಳಿಗರು ನೆಲಕ್ಕೂ ಗೋಡೆಗೂ ಹುಡುಕಿ ತರುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಲೋಕ್ ಕುಮಾರ್ ಮತ್ತು ಸಂಗಡಿಗರು ಅಂಥದೇ ಕೆಲಸಕ್ಕೆ ಗೆದ್ದಲಿಗಿಂತಲೂ ಕಿರಿಯ ಕೂಲಿಯಾಳನ್ನು ಹಿಡಿದಿದ್ದಾರೆ. ಅದೊಂದು ಬ್ಯಾಕ್ಟೀರಿಯಾ, ಯೂರಿಯಾವನ್ನು ಒಡೆದು, ಸುಣ್ಣದ ಅಂಶದೊಡನೆ ಕೂಡಿಸಿ, ಮಣ್ಣಿನ ಕಣಗಳ ನಡುವೆ ಸುಣ್ಣಕಲ್ಲಿನ ಹರಳುಗಳನ್ನು ಕಟ್ಟುತ್ತದೆ. ಬಿಗಿ ಹೆಚ್ಚಿಸಲು ಬೆರೆಸುವ ಅಂಟು ಧಾರವಾಡದ ಗೃಹಿಣಿಯರು ಪಲ್ಯ ಮಾಡುವ ಚವಳಿಕಾಯಿಯ ಬೀಜದ್ದು! 2020ರಲ್ಲಿ ಇಸ್ರೋದ ಸಹಕಾರದಿಂದ, ಚಂದ್ರನ ಮಣ್ಣನ್ನು ಹೋಲುವ ಪುಡಿಯಿಂದ ಇಂತಹ ಇಟ್ಟಿಗೆಯನ್ನು ಅವರು ಮಾಡಿ ತೋರಿಸಿದರು. 2025ರಲ್ಲಿ, ಸುಟ್ಟ ಇಟ್ಟಿಗೆಯಲ್ಲಿ ಬೇಕೆಂದೇ ಸೀಳು ಮಾಡಿ, ಅದರಲ್ಲಿ ಈ ಜೀವಿಗಳ ರಾಡಿಯನ್ನು ತುಂಬಿ ನೋಡಿದರು. ಸೀಳು ಬೆಸೆದು, ಕಳೆದ ಬಲದ ಒಂದು ಪಾಲು ಮರಳಿತು.

ಚಂದ್ರನ ಮಾತು ಹಾಗಿರಲಿ. ಭಟ್ಟಿಯ ಇಟ್ಟಿಗೆಗೆ ಉರುವಲು ಬೇಕು. ಜಗತ್ತಿನ ಇಂಗಾಲಾಮ್ಲದಲ್ಲಿ ನೂರಕ್ಕೆ ಸುಮಾರು 8 ಪಾಲು ಸಿಮೆಂಟಿನದು. ಬ್ಯಾಕ್ಟೀರಿಯಾದ ಇಟ್ಟಿಗೆಗೆ ಭಟ್ಟಿಯೇ ಬೇಡ. ಆದರೆ ಯೂರಿಯಾ ಒಡೆದಾಗ ಅಮೋನಿಯ ಹೊರಬೀಳುತ್ತದೆ. ಅದರ ಘಾಟು ಮೂಗಿಗೆ ಬಡಿಯುವಂಥದು, ನೀರಿಗೆ ಸೇರಿದರೆ ಕೆರೆಗೂ ಕೇಡು. ಅದನ್ನು ಹಿಡಿದಿಟ್ಟು ಭತ್ತದ ಗದ್ದೆಗೆ ಗೊಬ್ಬರವಾಗಿ ಉಣಿಸುವ ಅಗ್ಗದ ಉಪಾಯ ಒದಗಿದ ಮೇಲೆಯೇ ಇಟ್ಟಿಗೆಯ ಅಚ್ಚನ್ನು ಮುಗದಕ್ಕೆ ತರಬೇಕು.