ಗೋಣಿಗೆ ಹಾಕುವ ಸ್ಕ್ರೂ ಮತ್ತು ನಮ್ಮ ತಪ್ಪು ಬೇಡಿಕೆ

ಹುಮನಾಬಾದಿನಲ್ಲಿ ನಾಲ್ವರು ನಿವೃತ್ತರು ಕೂಡಿದಲ್ಲಿ ಆಸ್ಪತ್ರೆಯ ಮಾತು ಬಂದರೆ ಅದು ಕೊನೆಗೆ ಒಂದೇ ಬೇಡಿಕೆಗೆ ಬಂದು ನಿಲ್ಲುತ್ತದೆ: ದೊಡ್ಡ ದೊಡ್ಡ ಶಸ್ತ್ರಚಿಕಿತ್ಸೆಗಳೆಲ್ಲ ನಮ್ಮೂರಿನಲ್ಲಿಯೇ ಆಗಬೇಕು. ಬಸವಕಲ್ಯಾಣದ ಮಿತ್ರರದೂ ಇದೇ ರಾಗ. 2019ರಲ್ಲಿ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಾದ ಮೇಲೆ ಆ ರಾಗ ಇನ್ನೂ ಏರುಸ್ವರಕ್ಕೆ ಹೋಗಿದೆ. ಒಂದು ಶಸ್ತ್ರಚಿಕಿತ್ಸೆಯ ಮಟ್ಟಿಗಾದರೂ ನಾನು ಇದನ್ನು ಒಪ್ಪಲಾರೆ. ತಲೆಬುರುಡೆಗೂ ಕುತ್ತಿಗೆಗೂ ನಡುವಿನ ಕೀಲು ಸಡಿಲವಾದಾಗ ಸ್ಕ್ರೂ ಹಾಕಿ ಬಿಗಿಯುವ ಚಿಕಿತ್ಸೆ ಅದು. ಅದು ಹುಮನಾಬಾದಿನಲ್ಲಿ ಆಗುವುದು ಬೇಡ. ಇಲ್ಲಿ ಆಗಬೇಕಾದುದು ಬೇರೆಯೇ ಇದೆ. ಅದನ್ನು ಯಾರೂ ಕೇಳುತ್ತಿಲ್ಲ.

ಬೀಸುವ ಕಲ್ಲನ್ನು ಕಂಡವರಿಗೆ ಈ ಕೀಲನ್ನು ವಿವರಿಸುವುದು ಸುಲಭ. ಕೆಳಗಲ್ಲಿನ ನಡುವಣ ಗೂಟದ ಸುತ್ತ ಮೇಲುಗಲ್ಲು ತಿರುಗುವಂತೆ, ಆಕ್ಸಿಸ್ ಎಂಬ ಎರಡನೆಯ ಕಶೇರುಮಣಿಯಿಂದ ಮೇಲೆದ್ದ ಗೂಟದ ಸುತ್ತ ಅಟ್ಲಾಸ್ ಎಂಬ ಮೊದಲನೆಯ ಮಣಿ ತಲೆಯನ್ನು ಹೊತ್ತು ತಿರುಗುತ್ತದೆ. ನಾವು ಗೋಣು ತಿರುಗಿಸುವುದರಲ್ಲಿ ಸರಿಸುಮಾರು ಅರ್ಧ ಪಾಲು ಈ ಒಂದೇ ಕೀಲಿನದು. ಗೂಟದ ಹಿಂದೆಯೇ ಬೆನ್ನುಹುರಿ. ಗೂಟ ಮುರಿದರೆ, ಅಥವಾ ಅದನ್ನು ಹಿಡಿದಿಟ್ಟ ಕಟ್ಟು ಸಡಿಲಿದರೆ, ತಲೆ ಬಾಗಿಸಿದಾಗಲೆಲ್ಲ ಹುರಿ ಒತ್ತಡಕ್ಕೆ ಸಿಗುತ್ತದೆ. ಹುಟ್ಟಿನಿಂದ ಬಂದ ದೋಷ, ಕ್ಷಯ, ಸಂಧಿವಾತ, ಮರದಿಂದ ಬಿದ್ದ ಪೆಟ್ಟು, ರಸ್ತೆ ಅಪಘಾತ, ಹೀಗೆ ಕಾರಣಗಳು ಹಲವು. ಆದರೆ ರೋಗ ಮೊದಲು ಮುಖ ತೋರುವುದು ಬಹಳ ಸಾಧುವಾಗಿ: ಹೆಡಕಿನಲ್ಲಿ ನೋವು, ಅಂಗಿಯ ಗುಂಡಿ ಹಾಕಲು ಒಗ್ಗದ ಬೆರಳು, ಅರಿವಿಲ್ಲದೆ ಕಾಲಿನಿಂದ ಜಾರುವ ಚಪ್ಪಲಿ.

ಇದಕ್ಕೆ ನಮ್ಮಲ್ಲಿ ನಡೆಯುವ ಉಪಚಾರವೇನು? ಲಕ್ವವೆಂದು ಎಣ್ಣೆ ತಿಕ್ಕುವುದು, ಗಾಳಿ ಸೋಕಿತೆಂದು ಹರಕೆ ಹೊರುವುದು, ಇಲ್ಲವೇ ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತು ಗೋಣಿನ ನೆಟಿಗೆ ತೆಗೆಸಿಕೊಳ್ಳುವುದು. ಹಡಪದ ಅಪ್ಪಣ್ಣನವರನ್ನು ತಮ್ಮವರೆಂದು ಸ್ಮರಿಸುವ ಸಮುದಾಯದ ಬಗ್ಗೆ ನನಗೆ ಅಪಾರ ಗೌರವವಿದೆ. ತಪ್ಪು ಅವರದಲ್ಲ, ಬೇಡಿ ಮಾಡಿಸಿಕೊಳ್ಳುವ ನಮ್ಮದು. ಗಟ್ಟಿಮುಟ್ಟಾದ ಕುತ್ತಿಗೆಯಲ್ಲಿಯೂ ಹಾಗೆ ತಿರುವಿದಾಗ ಮಿದುಳಿಗೆ ಹೋಗುವ ರಕ್ತನಾಳ ಹರಿದ ಪ್ರಕರಣಗಳು ವೈದ್ಯಲೋಕಕ್ಕೆ ಗೊತ್ತು. ಸಡಿಲವಾದ ಕೀಲಿನ ಗತಿಯನ್ನು ಬೇರೆ ಹೇಳಬೇಕೆ?

ಅಪಘಾತದ ಮಾತಂತೂ ಇನ್ನೂ ಘೋರ. ಹೈದರಾಬಾದು–ಸೊಲ್ಲಾಪುರದ ಹೆದ್ದಾರಿ ನಮ್ಮ ಎರಡೂ ತಾಲೂಕುಗಳನ್ನು ಸೀಳಿಕೊಂಡು ಹೋಗುತ್ತದೆ. ಬಿದ್ದವನನ್ನು ಇಬ್ಬರು ರಟ್ಟೆ ಹಿಡಿದು, ಇಬ್ಬರು ಕಾಲು ಹಿಡಿದು, ತಲೆ ಜೋತಾಡುತ್ತಿರುವಂತೆಯೇ ಜೀಪಿಗೆ ತುಂಬುವುದು ನಮ್ಮ ಕರುಣೆಯ ರೀತಿ. ನಮ್ಮ ಓಣಿಯ ರೈತನೊಬ್ಬ ಹುಣಸೆಮರದಿಂದ ಬಿದ್ದಾಗ ಬಂಧುಗಳು ಅವನನ್ನು ಮೋಟರ್ ಸೈಕಲ್ಲಿನ ಮೇಲೆ ಇಬ್ಬರ ನಡುವೆ ಕೂಡಿಸಿಕೊಂಡು ಹೋದರು. ಬಿದ್ದಾಗ ಆಡುತ್ತಿದ್ದ ಕೈಗಳು ಇಳಿಸುವಾಗ ಆಡಲಿಲ್ಲ. 108ರ ಆಂಬುಲೆನ್ಸ್ ಕರ್ನಾಟಕಕ್ಕೆ ಬಂದದ್ದು 2008ರಲ್ಲಿ. ಅದು ಬರುವವರೆಗೆ ತಲೆಯನ್ನು ಎರಡೂ ಕೈಗಳಿಂದ ಅಲುಗದಂತೆ ಹಿಡಿದುಕೊಂಡಿರಬೇಕೆಂಬ ಒಂದು ಪಾಠವನ್ನು ನಾವು ಇಂದಿಗೂ ಕಲಿತಿಲ್ಲ.

ಇನ್ನು ಸ್ಕ್ರೂವಿನ ವಿಷಯ. 1939ರಲ್ಲಿ ಗ್ಯಾಲಿ ಎಂಬ ಶಸ್ತ್ರವೈದ್ಯರು ಈ ಎರಡು ಮಣಿಗಳನ್ನು ತಂತಿಯಿಂದ ಕಟ್ಟಿ, ನಡುವೆ ಎಲುಬಿನ ತುಂಡಿಟ್ಟು ಬೆಸೆಯುವ ವಿಧಾನವನ್ನು ಪ್ರಕಟಿಸಿದರು. ತಂತಿಯ ಹಿಡಿತ ಸಾಲದೆ ರೋಗಿಯ ತಲೆಯನ್ನು ಹೊರಗಿನಿಂದಲೂ ತಿಂಗಳುಗಟ್ಟಲೆ ಬಂಧಿಸಿಡಬೇಕಾಗುತ್ತಿತ್ತು. ಮಣಿಗಳ ಪಕ್ಕದ ದಪ್ಪ ಭಾಗಕ್ಕೇ ಸ್ಕ್ರೂ ಇಳಿಸಿ ಲೋಹದ ಪಟ್ಟಿಯಿಂದ ಜೋಡಿಸುವ ವಿಧಾನವನ್ನು 1994ರಲ್ಲಿ ಜಗತ್ತಿನ ಮುಂದಿಟ್ಟವರು ಡಾ. ಅತುಲ್ ಗೋಯಲ್ ಮತ್ತು ಅವರ ಸಹೋದ್ಯೋಗಿ. ಎಲ್ಲಿ? ಮುಂಬಯಿಯ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ, ಬಡವರ ಸಾಲು ಕರಗದ ಮಹಾನಗರಪಾಲಿಕೆಯ ಆಸ್ಪತ್ರೆಯಲ್ಲಿ! 2001ರಲ್ಲಿ ಜರ್ಮನಿಯ ಹಾರ್ಮ್ಸ್ ಪಟ್ಟಿಯ ಬದಲು ಸರಳನ್ನು ಬಳಸಿದ ಮೇಲೆ ಇಬ್ಬರ ಹೆಸರೂ ಅದಕ್ಕೆ ಅಂಟಿತು. ಗೋಣಿಗೆ ಕತ್ತಿ ತಾಗಿಸಿದರೆ ಮನುಷ್ಯ ಉಳಿಯನು ಎಂದು ಇಂದಿಗೂ ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಡುವವರಿಗೆ ಇದನ್ನು ಹೇಳಬೇಕು. ಗೋಣು ತಿರುಗುವುದು ಕಡಿಮೆಯಾಗುತ್ತದೆ, ನಿಜ. ಮೆಲ್ಲಮೆಲ್ಲಗೆ ಕೈಕಾಲು ಕಳೆದುಕೊಳ್ಳುವುದಕ್ಕಿಂತ ಅದು ಹೆಚ್ಚಿನ ನಷ್ಟವೇ?

ಹಾಗಾದರೆ ಇಷ್ಟು ಒಳ್ಳೆಯದು ನಮ್ಮೂರಿಗೇಕೆ ಬೇಡ ಎಂದು ಕೇಳಬಹುದು. ಆ ಸ್ಕ್ರೂವಿನ ದಾರಿಯ ಪಕ್ಕದಲ್ಲಿಯೇ ಮಿದುಳಿಗೆ ಹೋಗುವ ರಕ್ತನಾಳವಿದೆ. ಅದರ ಹಾದಿ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಮೊದಲೇ ಸಿ.ಟಿ. ಸ್ಕ್ಯಾನಿನಲ್ಲಿ ಅದನ್ನು ನೋಡಿ ಅಳೆದಿಟ್ಟುಕೊಳ್ಳಬೇಕು. ಇಂಥ ಕೆಲಸ ಪದೇ ಪದೇ ಮಾಡಿದ ಕೈಗೆ ಒಲಿಯುತ್ತದೆಯೇ ಹೊರತು ವರ್ಷಕ್ಕೊಮ್ಮೆ ಮಾಡುವ ಕೈಗಲ್ಲ. ತಾಲೂಕಿಗೊಂದು ಫಲಕ ಹಾಕಿ, ನಾಡಾ ಕತ್ತರಿಸಿ, ವರ್ಷಕ್ಕೊಬ್ಬ ರೋಗಿಯನ್ನು ಅದಕ್ಕೆ ಒಡ್ಡುವುದು ಅಭಿಮಾನವಲ್ಲ, ಕ್ರೌರ್ಯ.

ತಾಲೂಕು ಆಸ್ಪತ್ರೆಯಲ್ಲಿ ಆಗಬೇಕಾದುದು ಗುರುತಿಸುವ ಕೆಲಸ. ಹೊಸದಾಗಿ ಪೆಟ್ಟು ಬೀಳದ ರೋಗಿಯಲ್ಲಿ, ವೈದ್ಯರ ಕಣ್ಣೆದುರು, ತಲೆಯನ್ನು ತಾನಾಗಿಯೇ ಮುಂದೆ ಬಾಗಿಸಿದಾಗ ಒಂದು, ಹಿಂದೆ ವಾಲಿಸಿದಾಗ ಒಂದು, ಪಕ್ಕದಿಂದ ಎರಡು ಎಕ್ಸ್‌ರೇ ತೆಗೆದರೆ ಅನುಮಾನಕ್ಕೆ ಆಧಾರ ಸಿಗುತ್ತದೆ. ಗೂಟಕ್ಕೂ ಅದರ ಮುಂದಿನ ಬಳೆಗೂ ನಡುವೆ ದೊಡ್ಡವರಲ್ಲಿ 3 ಮಿಲಿಮೀಟರು, ಮಕ್ಕಳಲ್ಲಿ 5 ಮಿಲಿಮೀಟರು ಮೀರಿದ ಅಂತರ ಕಂಡರೆ ಮುಂದಕ್ಕೆ ಕಳಿಸಬೇಕು. 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ರೋಗದ ಹೆಸರೇ ಹೊಳೆಯದಿದ್ದರೆ ಆ ಪತ್ರದಲ್ಲಿ ಬರೆಯುವುದಾದರೂ ಏನನ್ನು? ಆರುನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೊರಟವನ ಕೈಯಲ್ಲಿ ಆ ಎರಡು ಎಕ್ಸ್‌ರೇ ಮತ್ತು ಒಂದು ಹಾಳೆ ಇರಲಿ, ಕುತ್ತಿಗೆಗೆ ಕಾಲರ್ ಇರಲಿ. ಮುಂದಿನ ಮನವಿಪತ್ರಕ್ಕೆ ಸಹಿ ಹಾಕುವ ಮೊದಲು ಮಿತ್ರರು ಅದರಲ್ಲಿ ಈ ಮೂರನ್ನು ಸೇರಿಸಿದರೆ ನನ್ನ ಸಹಿಯೂ ಅದಕ್ಕುಂಟು.